ತೌಬಾ: ಎದೆಯ ಕಿಲುಬು, ಮಂದಿಯ ಬಾಕಿ

ನಮ್ಮ ಅಜ್ಜ ತೀರಿಕೊಂಡಾಗ ನನಗೆ ಹತ್ತು ವರ್ಷ. ವಿಜಯಪುರ ಜಿಲ್ಲೆಯ ಒಂದು ಹಳ್ಳಿ, ಬಸವನ ಬಾಗೇವಾಡಿ ಕಡೆಯ ಎರಿ ಸೀಮೆ. ಮಧ್ಯಾಹ್ನದ ಜೋಹರ್ ನಮಾಜ್ ಮುಗಿದಿತ್ತು. ಮಸೀದಿಯ ಅಂಗಳದಲ್ಲಿ ಜನಾಜಾ, ಅಂದರೆ ಶವದ ಮಂಚ, ಇಟ್ಟಿದ್ದರು, ಜನ ಸಾಲಾಗಿ ನಿಂತಿದ್ದರು. ಇಮಾಮರು ತಕ್ಬೀರ್ ಹೇಳಿ ಪ್ರಾರ್ಥನೆ ಶುರು ಮಾಡುವ ಮೊದಲು ಅಪ್ಪ ಮುಂದೆ ಬಂದರು. ಮೊದಲು ದಖನಿ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು: "ನಮ್ಮಪ್ಪ ಯಾರಿಗಾದ್ರೂ ಏನಾದ್ರೂ ಕೊಡೋದಿದ್ರ ನನಗ ಹೇಳ್ರಿ, ನಾ ಕೊಡ್ತೀನಿ. ಯಾರ ಮನಸ್ಸಾದ್ರೂ ನೋಯಿಸಿದ್ರ ಮಾಫ್ ಮಾಡಿಬಿಡ್ರಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೇಟಿನ ಹತ್ತಿರ, ಚಪ್ಪಲಿ ಬಿಟ್ಟ ಜಾಗದ ಆಚೆ, ಒಬ್ಬ ಮುದುಕರು ನಿಂತಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು. ನಮ್ಮ ಹೊಲಕ್ಕೆ ಹೊಂದಿದ ಹೊಲ ಅವರದು. ಅಲ್ಲಿಂದಲೇ ಗಟ್ಟಿಯಾಗಿ ಅಂದರು: "ನಂದೇನೂ ಬಾಕಿ ಇಲ್ಲೋ ತಮ್ಮಾ. ಅಂವಾ ಎಲ್ಲಾ ಚುಕ್ತಾ ಮಾಡಿ ಹೋಗ್ಯಾನ."

ಅಪ್ಪ ಅಳತೊಡಗಿದರು. ನನಗೆ ಆಗ ಏನೂ ಅರ್ಥ ಆಗಲಿಲ್ಲ. ಈಗ ಅನಿಸುತ್ತದೆ, ಪಾಪ, ಪಶ್ಚಾತ್ತಾಪ, ಮನಸ್ಸಿನ ನೆಮ್ಮದಿ ಇವುಗಳ ಬಗ್ಗೆ ಇಸ್ಲಾಂ ಹೇಳುವ ಮಾತಿನ ಅರ್ಧ ಭಾಗ ಆ 'ಚುಕ್ತಾ' ಅನ್ನುವ ಒಂದೇ ಪದದಲ್ಲಿತ್ತು. ಆ ಅರ್ಧವನ್ನೇ ನಾವು ಜಾಸ್ತಿ ಮರೆಯುತ್ತೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬುಡದಿಂದ ಶುರು ಮಾಡೋಣ. ಇಸ್ಲಾಂನಲ್ಲಿ ಮನುಷ್ಯ ಪಾಪ ಹೊತ್ತುಕೊಂಡು ಹುಟ್ಟುವುದಿಲ್ಲ. ಹುಟ್ಟಿದ ಮಗು ಚೊಕ್ಕ. ಅಪ್ಪ ಮಾಡಿದ ತಪ್ಪು ಮಗನ ತಲೆಗೆ ಬರುವುದಿಲ್ಲ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಅಂತ ಕುರ್‌ಆನ್ ಹಲವು ಕಡೆ ಹೇಳುತ್ತದೆ. ಆದಮರ ಕಥೆ ಇಲ್ಲೂ ಇದೆ. ಬೇಡ ಅಂದಿದ್ದನ್ನು ಆದಮರೂ ಹವ್ವಾ ಅವರೂ ತಿಂದರು. ಆದರೆ ಆಮೇಲೆ ಇಬ್ಬರೂ ಏನು ಹೇಳಿದರು ಅನ್ನುವುದೇ ಮುಖ್ಯ: "ನಮ್ಮ ಒಡೆಯನೇ, ನಾವು ನಮ್ಮ ಮೇಲೆಯೇ ಅನ್ಯಾಯ ಮಾಡಿಕೊಂಡೆವು. ನೀನು ಕ್ಷಮಿಸದಿದ್ದರೆ, ಕರುಣೆ ತೋರದಿದ್ದರೆ ನಾವು ಕೆಟ್ಟೆವು." ಇದು ಕುರ್‌ಆನಿನ 7ನೇ ಅಧ್ಯಾಯದ 23ನೇ ವಚನ. ಅವರು ಕೇಳಿದರು, ಅಲ್ಲಾಹನು ಕ್ಷಮಿಸಿದ. ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮ ತನಕ ಬರಲಿಲ್ಲ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ ಇಬ್ಲೀಸನ, ಅಂದರೆ ಸೈತಾನನ ಮಾತೂ ಇದೆ. ಅವನೂ ಅಪ್ಪಣೆ ಮೀರಿದ, ಆದಮರಿಗೆ ಬಾಗಲಿಲ್ಲ. ಯಾಕೆ ಅಂತ ಕೇಳಿದರೆ ಅವನು ಕೊಟ್ಟ ಉತ್ತರ, "ನಾನು ಅವನಿಗಿಂತ ಮೇಲು." ಇಬ್ಬರೂ ತಪ್ಪು ಮಾಡಿದರು. ಒಬ್ಬ ವಾದ ಮಾಡಿದ, ಇನ್ನೊಬ್ಬ ಒಪ್ಪಿಕೊಂಡ. ಸೈತಾನನಿಗೂ ಮನುಷ್ಯನಿಗೂ ಇರುವ ಅಂತರ ಇಷ್ಟೇ. ನನಗಂತೂ ಈ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ಮೈ ಜುಮ್ ಅನ್ನುತ್ತದೆ. ತಪ್ಪು ಸಿಕ್ಕಿಬಿದ್ದಾಗ ನಮ್ಮ ಬಾಯಿಂದ ಮೊದಲು ಬರುವುದು ಯಾರ ಮಾತು ಅಂತ ನೋಡಿಕೊಂಡರೆ ಗೊತ್ತಾಗುತ್ತದೆ.

'ತೌಬಾ' ಅನ್ನುವ ಅರಬ್ಬಿ ಪದದ ಮೂಲ ಅರ್ಥ ತಿರುಗಿ ಬರುವುದು. ನಮ್ಮ ಕಡೆ "ತೋಬಾ ತೋಬಾ" ಅಂತ ಕೆನ್ನೆ ಮುಟ್ಟಿಕೊಳ್ಳುತ್ತಾರಲ್ಲ, ಆ ಪದವೇ. ಕೆನ್ನೆ ಮುಟ್ಟಿಕೊಂಡು ಅದರ ಅರ್ಥ ಸವೆದುಹೋಗಿದೆ. ದಾರಿ ತಪ್ಪಿ ಬೇರೆ ಊರಿನ ಕಡೆ ಹೊರಟವನು ನಿಂತು, ತಿರುಗಿ, ಮನೆಯ ಕಡೆ ಹೆಜ್ಜೆ ಹಾಕಿದರೆ ಅದು ತೌಬಾ. ಮನೆ ಇನ್ನೂ ಹತ್ತು ಮೈಲಿ ದೂರ ಇರಬಹುದು. ಆದರೂ ಮುಖ ತಿರುಗಿದೆಯಲ್ಲ, ಅದು ದೊಡ್ಡದು. ಅರಬ್ಬಿಯಲ್ಲಿ ಇದೇ ಪದವನ್ನು ಅಲ್ಲಾಹನಿಗೂ ಬಳಸುತ್ತಾರೆ. ಮನುಷ್ಯ ಅವನ ಕಡೆ ತಿರುಗಿದರೆ ಅವನು ಮನುಷ್ಯನ ಕಡೆ ಕರುಣೆಯಿಂದ ತಿರುಗುತ್ತಾನೆ. ಅದಕ್ಕೇ ಅವನ ಹೆಸರುಗಳಲ್ಲಿ ಒಂದು 'ಅತ್ತವ್ವಾಬ್'.

ಹಾಗಾದರೆ ಪಾಪ ಮಾಡಿದಾಗ ಒಳಗೆ ಆಗುವುದಾದರೂ ಏನು?

ಪ್ರವಾದಿ ಮುಹಮ್ಮದರ (ಸ) ಒಂದು ಮಾತಿದೆ. ಮನುಷ್ಯ ತಪ್ಪು ಮಾಡಿದಾಗ ಅವನ ಹೃದಯದ ಮೇಲೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ. ತಪ್ಪು ಬಿಟ್ಟು, ಕ್ಷಮೆ ಕೇಳಿ, ತಿರುಗಿ ಬಂದರೆ ಹೃದಯ ಮತ್ತೆ ತಿಕ್ಕಿದ ಹಾಗೆ ಹೊಳೆಯುತ್ತದೆ. ಮತ್ತೆ ಮತ್ತೆ ಮಾಡುತ್ತಾ ಹೋದರೆ ಚುಕ್ಕೆ ಬೆಳೆದು ಹೃದಯವನ್ನೇ ಮುಚ್ಚಿಬಿಡುತ್ತದೆ. ಕುರ್‌ಆನಿನ 83ನೇ ಅಧ್ಯಾಯದಲ್ಲಿ ಇದಕ್ಕೆ 'ರಾನ್' ಅನ್ನುವ ಪದ ಬರುತ್ತದೆ. ಪುಸ್ತಕಗಳಲ್ಲಿ 'ತುಕ್ಕು' ಅಂತ ಕನ್ನಡ ಮಾಡುತ್ತಾರೆ. ನನಗೆ ನಮ್ಮ ಮನೆಯ ಪದವೇ ಸರಿ ಅನಿಸುತ್ತದೆ. ಕಿಲುಬು.

ನಮ್ಮ ಅಜ್ಜಿಯ ಹತ್ತಿರ ಒಂದು ತಾಮ್ರದ ಪಾತೇಲಿ ಇತ್ತು. ರಂಜಾನ್ ಹತ್ತಿರ ಬಂತು ಅಂದರೆ ಅದನ್ನು ವಿಜಯಪುರಕ್ಕೆ ಒಯ್ದು ಕಲಾಯಿ ಹಾಕಿಸುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ಕಲಾಯಿ ಹಾಕುವವರು ಮೊದಲು ಪಾತ್ರೆಯನ್ನು ಮರಳು ಹಾಕಿ ತಿಕ್ಕುತ್ತಿದ್ದರು. ಆಮೇಲೆ ತಿದಿ ಒತ್ತಿ ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಹಾಕುತ್ತಿದ್ದರು. ಬುಸ್ ಅಂತ ಬಿಳಿ ಹೊಗೆ ಏಳುತ್ತಿತ್ತು, ಮೂಗು ಉರಿಯುತ್ತಿತ್ತು. ತವರದ ಒಂದು ಸಣ್ಣ ತುಂಡು ತಾಗಿಸಿ, ಹತ್ತಿಯ ಮುದ್ದೆಯಿಂದ ಸರಸರ ಸವರಿದರೆ ಕಣ್ಣೆದುರಿಗೇ ಕರಿ ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎರಡು ನಿಮಿಷದ ಕೆಲಸ. ಆದರೆ ಕಾಯಿಸದೆ ಸುಮ್ನೆ ಸವರಿದರೆ ತವರ ಹಿಡಿಯುವುದೇ ಇಲ್ಲ.

ಕಿಲುಬು ಬಂದ ಪಾತ್ರೆ ಪಾತ್ರೆಯೇ. ಅದನ್ನು ಯಾರೂ ಎಸೆಯುವುದಿಲ್ಲ. ಆದರೆ ಅದರಲ್ಲಿ ಹುಳಿ ಸಾರು ಮಾಡಿದರೆ ಹೊಟ್ಟೆ ಕೆಡುತ್ತದೆ. ಪಾಪದ ಬಗ್ಗೆ ಇಸ್ಲಾಂನ ನೋಟವೂ ಹೀಗೇ ಇದೆ. ಕೆಟ್ಟಿರುವುದು ಮೇಲಿನ ಪದರ. ಒಳಗಿನ ತಾಮ್ರ ಕೆಟ್ಟಿಲ್ಲ. ಆದರೆ ತಿಕ್ಕದೆ ಬಿಟ್ಟರೆ ಅದು ಬೆಳೆಯುತ್ತದೆ, ಮತ್ತು ಒಂದು ಹಂತ ದಾಟಿದ ಮೇಲೆ ಕರಿ ಕಣ್ಣಿಗೇ ಕಾಣುವುದಿಲ್ಲ. ಮೊದಲ ಸಲ ಸುಳ್ಳು ಹೇಳಿದಾಗ ಎದೆ ಬಡಿದುಕೊಂಡಿತ್ತು. ನೂರನೇ ಸಲಕ್ಕೆ ಬಡಿತವೇ ಇಲ್ಲ. ಆ ಬಡಿತ ನಿಂತಿದ್ದೇ ರೋಗ.

ಕುರ್‌ಆನ್ ಈ ಬಡಿತಕ್ಕೂ ಒಂದು ಹೆಸರು ಕೊಟ್ಟಿದೆ. ಮನುಷ್ಯನ 'ನಫ್ಸ್', ಅಂದರೆ ಅವನ ಒಳಗಿನ 'ನಾನು', ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕೆಟ್ಟದ್ದರ ಕಡೆ ಎಳೆಯುವ 'ಅಮ್ಮಾರಾ', ತನ್ನನ್ನು ತಾನೇ ಬೈದುಕೊಳ್ಳುವ 'ಲವ್ವಾಮಾ', ನೆಮ್ಮದಿಗೆ ಬಂದ 'ಮುತ್ಮಯಿನ್ನಾ'. ಈ ಮೂರರಲ್ಲಿ ಅಲ್ಲಾಹನು ಆಣೆ ಹಾಕಿ ಮಾತಾಡುವುದು ನಡುವಿನದರ ಮೇಲೆ, ಬೈದುಕೊಳ್ಳುವ ನಫ್ಸಿನ ಮೇಲೆ. 75ನೇ ಅಧ್ಯಾಯದ ಶುರುವಿನಲ್ಲಿ ಇದೆ. ರಾತ್ರಿ ಮಲಗಿದಾಗ "ಇವತ್ತು ನಾನು ಮಾಡಿದ್ದು ಸರಿ ಅಲ್ಲ" ಅಂತ ಚುಚ್ಚುವ ಆ ದನಿ ನಮಗೆ ಕಿರಿಕಿರಿ. ಆದರೆ ಅದಕ್ಕೆ ಅಷ್ಟು ಮರ್ಯಾದೆ ಇದೆ.

ಈಗ ತೌಬಾ ಮಾಡುವುದು ಹೇಗೆ ಅನ್ನುವುದಕ್ಕೆ ಬರೋಣ. 1277ರಲ್ಲಿ ತೀರಿಕೊಂಡ ಇಮಾಮ್ ನವವಿ ಅವರು ಇದನ್ನು ಬಹಳ ಸರಳವಾಗಿ ಹೇಳಿದ್ದಾರೆ. ತಪ್ಪು ಮನುಷ್ಯನಿಗೂ ಅಲ್ಲಾಹನಿಗೂ ನಡುವಿನದಾಗಿದ್ದರೆ ಮೂರು ಷರತ್ತು: ಮಾಡುತ್ತಿರುವುದನ್ನು ನಿಲ್ಲಿಸಬೇಕು, ಮಾಡಿದ್ದಕ್ಕೆ ನೊಂದುಕೊಳ್ಳಬೇಕು, ಮತ್ತೆ ಮಾಡುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಬೇಕು. ತಪ್ಪು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದರೆ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ: ಅವನದ್ದನ್ನು ಅವನಿಗೆ ತಿರುಗಿ ಕೊಡಬೇಕು. ಈ ನಾಲ್ಕನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ನೊಂದುಕೊಳ್ಳುವುದು ಅಂದರೆ ಪಾತ್ರೆ ಕಾಯಿಸುವ ಕೆಲಸ. ಬಾಯಲ್ಲಿ "ಅಸ್ತಗ್ಫಿರುಲ್ಲಾಹ್", ಅಂದರೆ ಅಲ್ಲಾಹನಲ್ಲಿ ಕ್ಷಮೆ ಕೇಳುತ್ತೇನೆ ಅಂತ, ನೂರು ಸಲ ಉರುಳಿಸಬಹುದು. ಒಳಗೆ ಬಿಸಿ ಇಲ್ಲದಿದ್ದರೆ ತವರ ಹಿಡಿಯುವುದಿಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ಇದನ್ನು ಅರಿವು, ಅನುಭವ, ಕೆಲಸ ಅನ್ನುವ ಮೂರು ಮೆಟ್ಟಿಲಾಗಿ ವಿವರಿಸುತ್ತಾರೆ. ಪಾಪ ವಿಷ ಅಂತ ಮೊದಲು ತಿಳಿಯಬೇಕು. ತಿಳಿದರೆ ನೋವು ತಾನಾಗಿ ಹುಟ್ಟುತ್ತದೆ. ನೋವು ಹುಟ್ಟಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಜೋಳದ ಚೀಲದಲ್ಲಿ ಹಾವು ಇದೆ ಅಂತ ಗೊತ್ತಾದವನಿಗೆ ಕೈ ಹಾಕಬೇಡ ಅಂತ ಯಾರಾದರೂ ಉಪದೇಶ ಮಾಡಬೇಕಾ?

ಆದರೆ ಮನುಷ್ಯ ಮತ್ತೆ ಬೀಳುತ್ತಾನೆ. ಇದೇ ಎಲ್ಲರ ಕಷ್ಟ. ನನಗೆ ಪರಿಚಯದ ಒಬ್ಬ ಹುಡುಗ ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್‌ಗೆ ಬಿದ್ದ. ತಾಯಿಯ ಬಳೆ ಅಡವಿಟ್ಟ. ಅತ್ತು ತೌಬಾ ಮಾಡಿದ. ಎರಡು ತಿಂಗಳಾದ ಮೇಲೆ ಮತ್ತೆ ಆಡಿದ. ಒಂದು ದಿನ ರಂಜಾನಿನ ರಾತ್ರಿಯ ತರಾವೀಹ್ ನಮಾಜ್ ಮುಗಿದ ಮೇಲೆ ಮಸೀದಿ ಮೆಟ್ಟಿಲ ಮೇಲೆ ಕೂತು ಕೇಳಿದ: "ಎಷ್ಟು ಸಲ ಅಂತ ಮಾಫಿ ಕೇಳೋದು? ನನಗೇ ನಾಚಿಕೆ ಆಗ್ತದ. ನಂದು ಮುಗೀತು ಅನಸ್ತದ."

ಅವನಿಗೆ ನಾನು ಹೇಳಿದ್ದು 'ಬುಖಾರಿ' ಮತ್ತು 'ಮುಸ್ಲಿಂ' ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ಸಂಗ್ರಹಗಳಲ್ಲಿ, ಇರುವ ಒಂದು ಮಾತು. ಒಬ್ಬ ಪಾಪ ಮಾಡಿ "ಒಡೆಯಾ, ಕ್ಷಮಿಸು" ಅನ್ನುತ್ತಾನೆ. ಅಲ್ಲಾಹನು ಹೇಳುತ್ತಾನೆ: ಪಾಪವನ್ನು ಕ್ಷಮಿಸುವ, ಪಾಪಕ್ಕೆ ಹಿಡಿಯುವ ಒಬ್ಬ ಒಡೆಯ ಇದ್ದಾನೆ ಅಂತ ನನ್ನ ದಾಸನಿಗೆ ಗೊತ್ತಿದೆ, ಕ್ಷಮಿಸಿದೆ. ಅವನು ಮತ್ತೆ ಬೀಳುತ್ತಾನೆ, ಮತ್ತೆ ಕೇಳುತ್ತಾನೆ, ಮತ್ತೆ ಅದೇ ಉತ್ತರ. ಮೂರನೇ ಸಲವೂ ಅದೇ. ಇದು ಪಾಪಕ್ಕೆ ಕೊಟ್ಟ ಪರವಾನಗಿ ಅಲ್ಲ ಅಂತ ಉಲೇಮಾಗಳು, ಅಂದರೆ ಧರ್ಮದ ವಿದ್ವಾಂಸರು, ಎಚ್ಚರಿಸುತ್ತಾರೆ. ಪ್ರತಿ ಸಲವೂ ಕೇಳುವಾಗ ಮನಸ್ಸು ನಿಜವಾಗಿರಬೇಕು. "ಆಮೇಲೆ ಮಾಫಿ ಕೇಳಿದರಾಯ್ತು" ಅಂತ ಮೊದಲೇ ಲೆಕ್ಕ ಹಾಕಿ ಮಾಡುವವನ ಮಾತೇ ಬೇರೆ. ಸಾವು ಕಣ್ಣೆದುರು ಬಂದು ನಿಂತ ಮೇಲೆ ಮಾಡುವ ತೌಬಾ ನಡೆಯುವುದಿಲ್ಲ ಅಂತಲೂ ಕುರ್‌ಆನ್ ಹೇಳಿದೆ. ಆದರೆ ಬಿದ್ದು ಎದ್ದವನಿಗೆ ಬಾಗಿಲು ಮುಚ್ಚಿಲ್ಲ. 39ನೇ ಅಧ್ಯಾಯದ 53ನೇ ವಚನ ಆ ಹುಡುಗನಿಗೇ ಹೇಳಿದ ಹಾಗಿದೆ: "ತಮ್ಮ ಮೇಲೆ ತಾವೇ ಅತಿರೇಕ ಮಾಡಿಕೊಂಡ ನನ್ನ ದಾಸರೇ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ. ಅಲ್ಲಾಹನು ಎಲ್ಲ ಪಾಪಗಳನ್ನೂ ಕ್ಷಮಿಸುತ್ತಾನೆ." ಅವನು ಅವರನ್ನು ಕರೆದ ರೀತಿ ನೋಡಿ. ಅಷ್ಟೆಲ್ಲ ಮಾಡಿದವರನ್ನೂ "ನನ್ನ ದಾಸರೇ" ಅಂತ ಕರೆದಿದ್ದಾನೆ.

ಇನ್ನೊಂದು ಹದೀಸ್ ಇದಕ್ಕಿಂತ ಕೆಲಸದ್ದು. ಹಿಂದಿನ ಕಾಲದಲ್ಲಿ 99 ಜನರನ್ನು ಕೊಂದವನೊಬ್ಬ ತನಗೆ ತೌಬಾ ಇದೆಯಾ ಅಂತ ಹುಡುಕುತ್ತಾ ಹೊರಟ. ಒಬ್ಬ ಸನ್ಯಾಸಿ "ನಿನಗೆ ಇಲ್ಲ" ಅಂದ. ಅವನನ್ನೂ ಕೊಂದು ನೂರು ಮಾಡಿದ. ಆಮೇಲೆ ಒಬ್ಬ ಜ್ಞಾನಿ ಸಿಕ್ಕ. ಅವನು ಹೇಳಿದ್ದು: "ಇದೆ. ನಿನಗೂ ತೌಬಾಕ್ಕೂ ಅಡ್ಡ ಬರುವವರು ಯಾರು? ಆದರೆ ನಿನ್ನ ಊರಿಗೆ ವಾಪಸ್ ಹೋಗಬೇಡ, ಅದು ಕೆಟ್ಟ ಜಾಗ. ಇಂಥ ಊರಿಗೆ ಹೋಗು, ಅಲ್ಲಿ ಒಳ್ಳೆಯ ಜನ ಇದ್ದಾರೆ." ಅವನು ಹೊರಟ, ದಾರಿಯಲ್ಲೇ ಸತ್ತ. ಕರುಣೆಯ ದೇವದೂತರೂ ಶಿಕ್ಷೆಯ ದೇವದೂತರೂ ಅವನಿಗಾಗಿ ವಾದಕ್ಕೆ ನಿಂತರು. ಎರಡೂ ಊರಿನ ದೂರ ಅಳೆದರು. ಒಳ್ಳೆಯ ಊರಿಗೆ ಅವನು ಒಂದು ಗೇಣು ಹತ್ತಿರ ಇದ್ದ. ಕರುಣೆಯ ದೇವದೂತರು ಒಯ್ದರು.

ಇದನ್ನು ಕೇಳಿ ಎಲ್ಲರೂ ಆ ಒಂದು ಗೇಣಿಗೆ ಕಣ್ಣೀರು ಹಾಕುತ್ತಾರೆ. ನಾನು ಜಾಸ್ತಿ ಯೋಚಿಸುವುದು ಜ್ಞಾನಿಯ ಸಲಹೆಯ ಬಗ್ಗೆ. ಅವನು ಬರೀ "ಅಳು, ಪ್ರಾರ್ಥಿಸು" ಅನ್ನಲಿಲ್ಲ. ಜಾಗ ಬಿಡು, ಸಹವಾಸ ಬಿಡು ಅಂದ. ನಾವು ಆ ಹುಡುಗನ ಮೊಬೈಲಿನಿಂದ ಆಪ್ ತೆಗೆಸಿದೆವು. ಬ್ಯಾಂಕ್ ಖಾತೆಗೆ ಜೋಡಿಸಿದ ಫೋನ್ ನಂಬರ್ ಅಣ್ಣನ ಕೈಗೆ ಹೋಯಿತು. ಸಂಜೆ ಕೂರುತ್ತಿದ್ದ ಕಟ್ಟೆ ಬಿಟ್ಟ. ಇವೂ ತೌಬಾದ ಭಾಗಗಳೇ. ಅವನು ಈಗಲೂ ಹೋರಾಡುತ್ತಿದ್ದಾನೆ, ಗೆದ್ದ ಅಂತ ನಾನು ಹೇಳುವುದಿಲ್ಲ. ಮುಖ ಮಾತ್ರ ಮನೆಯ ಕಡೆ ಇದೆ.

ಬೇರೆ ಧರ್ಮದ ಗೆಳೆಯರು ಒಂದು ಪ್ರಶ್ನೆ ಕೇಳುತ್ತಿರುತ್ತಾರೆ: ಪಾಪವನ್ನು ಯಾರ ಮುಂದೆ ಹೇಳಿಕೊಳ್ಳಬೇಕು, ಮೌಲಾನಾ ಮುಂದೆಯಾ? ಯಾರ ಮುಂದೆಯೂ ಬೇಡ. ಅಲ್ಲಾಹನು ಮುಚ್ಚಿಟ್ಟ ತಪ್ಪನ್ನು ಬೆಳಗಾಗೆದ್ದು ತಾನೇ ಸಾರಿಕೊಂಡು ತಿರುಗುವವನನ್ನು ಪ್ರವಾದಿಯವರು ಖಂಡಿಸಿದ್ದಾರೆ. ಇಂದು ರಾತ್ರಿ ಮಾಡಿದ್ದನ್ನು ನಾಳೆ ಸ್ಟೇಟಸ್ ಹಾಕುವ ಕಾಲದಲ್ಲಿ ಈ ಮಾತು ಎಷ್ಟು ಬೇಕು! ವಿಜಯಪುರದ ಜಾಮಿಯಾ ಮಸೀದಿಗೆ ಹೋದವರು ನೋಡಿರುತ್ತೀರಿ. ಒಂದನೇ ಅಲಿ ಆದಿಲ್ ಶಾಹ 1557ರಿಂದ 1580ರವರೆಗೆ ಆಳಿದ, ಅವನ ಕಾಲದಲ್ಲಿ ಶುರುವಾದ ಕಟ್ಟಡ. ಅದರ ನೆಲದ ಮೇಲೆ ಎರಡು ಸಾವಿರಕ್ಕೂ ಜಾಸ್ತಿ ಚೌಕಗಳನ್ನು ಗೆರೆ ಎಳೆದು ಮಾಡಿದ್ದಾರೆ. ಒಬ್ಬರಿಗೆ ಒಂದು. ಎಲ್ಲ ಒಂದೇ ಅಳತೆ. ಅದರೊಳಗೆ ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಾಗ ಮಾತು ಅವನಿಗೂ ಅಲ್ಲಾಹನಿಗೂ ಮಾತ್ರ. ಪಕ್ಕದ ಚೌಕದವನಿಗೂ ಕೇಳುವುದಿಲ್ಲ.

ಹಾಗಾದರೆ ನಮ್ಮ ಜಿಲ್ಲೆಯ ಸೂಫಿಗಳು, ಸೂಫಿ ಗುರುಗಳಾದ ಪೀರರು? ಅವರ ಕೆಲಸ ದಾರಿ ತೋರಿಸುವುದು. ವೈದ್ಯರ ಹಾಗೆ. ಕ್ಷಮಿಸುವ ಅಧಿಕಾರ ಅವರಿಗೂ ಇಲ್ಲ, ಒಳ್ಳೆಯ ಪೀರರು ಯಾರೂ ಹಾಗೆ ಹೇಳಿಕೊಳ್ಳಲಿಲ್ಲ. ಮುರೀದ, ಅಂದರೆ ಶಿಷ್ಯ, ಆಗುವವನು ಪೀರರ ಕೈ ಹಿಡಿದು ಮೊದಲು ಮಾಡುವುದು ತೌಬಾ, ಅವರು ಅದಕ್ಕೆ ಸಾಕ್ಷಿ. ದರ್ಗಾಕ್ಕೆ ಹೋಗುವುದರ ಬಗ್ಗೆ ಮುಸ್ಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಶಹಾಪುರ ದಿಬ್ಬದ ಮೇಲೆ ಮಲಗಿರುವ ಅಮೀನುದ್ದೀನ್ ಆಲಾ ಅವರ ಚಿಶ್ತಿ ಪರಂಪರೆಯೂ, ಆದಿಲ್ ಶಾಹಿ ಕಾಲದ ಬೇರೆ ಸೂಫಿಗಳೂ ಈ ನೆಲಕ್ಕೆ ಕೊಟ್ಟ ಒಂದು ಉಡುಗೊರೆಯನ್ನು ಹೇಳದೆ ಮುಂದೆ ಹೋಗಲಾರೆ. ಅದು ಚಕ್ಕಿನಾಮಾ. ಬೀಸುಕಲ್ಲಿನ ಪದ.

ಅರಬ್ಬಿ ಬಾರದ, ಮದ್ರಸಾ ಮೆಟ್ಟಿಲು ಹತ್ತದ ಹೆಂಗಸರು ಬೆಳಗಿನ ಜಾವ ಜೋಳ ಬೀಸುತ್ತಾ ಹಾಡುವುದಕ್ಕೆ ದಖನಿಯಲ್ಲಿ ಕಟ್ಟಿದ ಹಾಡುಗಳು ಇವು. ಬೀಸುಕಲ್ಲಿನ ಗೂಟ ನೆಟ್ಟಗೆ ನಿಂತಿದೆಯಲ್ಲ, ಅದು 'ಅಲಿಫ್' ಅಕ್ಷರದ ಹಾಗೆ, ಅಲ್ಲಾಹನ ಹೆಸರಿನ ಮೊದಲ ಅಕ್ಷರ. ನಡುವಿನ ಕೀಲು ಪ್ರವಾದಿ ಮುಹಮ್ಮದರು. ಕಲ್ಲು ತಿರುಗಿದ ಹಾಗೆ ಅಲ್ಲಾಹನ ಹೆಸರೂ ತಿರುಗುತ್ತದೆ. ಕೈಗೆ ಕೆಲಸ, ಎದೆಗೆ ಝಿಕ್ರ್, ಅಂದರೆ ಸ್ಮರಣೆ. ಕನ್ನಡದ ಹೆಣ್ಣುಮಕ್ಕಳು ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಬೀಸುವ ಪದ ಹಾಡುತ್ತಿದ್ದರು. ಎರಡೂ ಮನೆಯ ಹಿಟ್ಟು ಒಂದೇ, ರೊಟ್ಟಿ ಒಂದೇ. "ಅಲ್ಲಾಹನ ಸ್ಮರಣೆಯಿಂದಲೇ ಹೃದಯಗಳಿಗೆ ನೆಮ್ಮದಿ" ಅಂತ ಕುರ್‌ಆನಿನ 13ನೇ ಅಧ್ಯಾಯ ಹೇಳುವುದನ್ನು ಆ ಸೂಫಿಗಳು ಹಿಟ್ಟಿನ ಜೊತೆ ಬೆರೆಸಿ ಕೊಟ್ಟರು.

ಗುಣ ಆಗುವುದು ಹೀಗೆ, ದಿನಾ ಸ್ವಲ್ಪ ಸ್ವಲ್ಪ. ಒಬ್ಬರ ಮನೆ ಬಾಗಿಲಲ್ಲಿ ಹೊಳೆ ಹರಿಯುತ್ತಿದ್ದು, ದಿನಕ್ಕೆ ಐದು ಸಲ ಅದರಲ್ಲಿ ಮುಳುಗಿ ಎದ್ದರೆ ಮೈಮೇಲೆ ಕೊಳೆ ಉಳಿಯುತ್ತದಾ ಅಂತ ಪ್ರವಾದಿಯವರು ಕೇಳಿದರು. ಐದು ಹೊತ್ತಿನ ನಮಾಜ್ ಹಾಗೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜೂ ಮಾಡುವಾಗ ಮುಖ ತೊಳೆದ ನೀರಿನ ಜೊತೆ ಕಣ್ಣಿನ ಪಾಪ, ಕೈ ತೊಳೆದ ನೀರಿನ ಜೊತೆ ಕೈಯ ಪಾಪ ಇಳಿದುಹೋಗುತ್ತದೆ ಅನ್ನುವ ಮಾತೂ ಇದೆ. ಇವೆಲ್ಲ ಸಣ್ಣ ತಪ್ಪುಗಳಿಗೆ. ಕೊಲೆ, ಬಡ್ಡಿ, ಅನಾಥರ ಆಸ್ತಿ ನುಂಗುವುದು, ಮರ್ಯಾದಸ್ಥ ಹೆಣ್ಣಿನ ಮೇಲೆ ಅಪವಾದ ಹೊರಿಸುವುದು, ಇಂಥ ದೊಡ್ಡ ಪಾಪಗಳಿಗೆ ಬಿಡಿಯಾಗಿ ತೌಬಾ ಬೇಕು. ಪ್ರವಾದಿಯವರೇ ದಿನಕ್ಕೆ 70 ಸಲಕ್ಕಿಂತ ಜಾಸ್ತಿ ಕ್ಷಮೆ ಕೇಳುತ್ತಿದ್ದರು. ರಂಜಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ ನಮ್ಮ ಮಸೀದಿಗಳಲ್ಲಿ ಒಂದು ಚಿಕ್ಕ ದುವಾ ಮತ್ತೆ ಮತ್ತೆ ಕೇಳಿಸುತ್ತದೆ. ಪ್ರವಾದಿಯವರು ತಮ್ಮ ಮಡದಿ ಆಯಿಶಾರಿಗೆ ಕಲಿಸಿದ್ದು: "ಅಲ್ಲಾಹನೇ, ನೀನು ಕ್ಷಮಿಸುವವನು, ಕ್ಷಮಿಸುವುದೆಂದರೆ ನಿನಗೆ ಇಷ್ಟ, ನನ್ನನ್ನು ಕ್ಷಮಿಸು." ಅಷ್ಟೇ. ಲೈಲತುಲ್ ಖದ್ರ್‌ನಂಥ ಅತಿ ಪವಿತ್ರ ರಾತ್ರಿಗೆ ಅವರು ಆರಿಸಿದ್ದು ಇಷ್ಟು ಸಣ್ಣ ಮಾತು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಕುರ್‌ಆನ್ ತನ್ನನ್ನು 'ಶಿಫಾ', ಅಂದರೆ ಎದೆಯೊಳಗಿನ ರೋಗಕ್ಕೆ ಔಷಧಿ ಅಂತ ಕರೆದುಕೊಂಡಿದೆ. ನಾವು ಅದನ್ನು ನಂಬುತ್ತೇವೆ. ಫಾತಿಹಾ ಓದಿ ಊದುತ್ತೇವೆ, ಮಕ್ಕಳು ಬೆಚ್ಚಿದರೆ ಕೊನೆಯ ಎರಡು ಸೂರಾ ಓದುತ್ತೇವೆ. ತಪ್ಪಿಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆ ಇಲ್ಲದ, ಊಟ ಸೇರದ, ಬದುಕೇ ಬೇಡ ಅನ್ನುವ ಮನುಷ್ಯನಿಗೆ "ನಿನ್ನ ಇಮಾನ್ ಕಮ್ಮಿ, ಪಾಪ ಜಾಸ್ತಿ" ಅನ್ನುವುದು ಕ್ರೂರತನ. ಖಿನ್ನತೆ ಪಾಪ ಅಲ್ಲ, ಕಾಯಿಲೆ. ಪ್ರವಾದಿಯವರೇ "ಔಷಧಿ ಮಾಡಿಕೊಳ್ಳಿ, ಔಷಧಿ ಇಲ್ಲದ ರೋಗವನ್ನು ಅಲ್ಲಾಹನು ಇಟ್ಟಿಲ್ಲ, ಮುಪ್ಪೊಂದನ್ನು ಬಿಟ್ಟು" ಅಂದಿದ್ದಾರೆ. ನಮ್ಮ ಭಾಗದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಮಾತಾಡಬೇಕು ಅನಿಸಿದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ದುಡ್ಡು ಇಲ್ಲ. ದುವಾನೂ ಮಾಡಿ, ಗುಳಿಗೆಯನ್ನೂ ನುಂಗಿ. ಸಾವಿರಗಟ್ಟಲೆ ಕೇಳಿ ತಾಯಿತ ಕಟ್ಟುವವರ ಹತ್ತಿರ ಮಾತ್ರ ಹೋಗಬೇಡಿ. ನಮ್ಮ ಮನೆಯವರೇ ಒಬ್ಬರು ಹಾಗೆ ಎರಡು ವರ್ಷ ಕಳೆದುಕೊಂಡರು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಈಗ ಆ ನಾಲ್ಕನೇ ಷರತ್ತು.

ಇಸ್ಲಾಂ ಲೆಕ್ಕವನ್ನು ಎರಡು ಪುಸ್ತಕದಲ್ಲಿ ಇಡುತ್ತದೆ. ಒಂದು ಅಲ್ಲಾಹನ ಹಕ್ಕು, ಇನ್ನೊಂದು ಮನುಷ್ಯರ ಹಕ್ಕು, 'ಹುಖೂಖುಲ್ ಇಬಾದ್'. ಮೊದಲನೆಯದರಲ್ಲಿ ಕರುಣೆಗೆ ಮಿತಿ ಇಲ್ಲ. ಎರಡನೆಯದರಲ್ಲಿ ಪೆಟ್ಟು ತಿಂದವನನ್ನು ದಾಟಿ ಕ್ಷಮೆ ಬರುವುದಿಲ್ಲ. ಪ್ರವಾದಿಯವರು ಒಮ್ಮೆ ಸಂಗಾತಿಗಳನ್ನು ಕೇಳಿದರು, ದಿವಾಳಿ ಎದ್ದವನು ಯಾರು? ಅವರು, ಹಣ, ಸಾಮಾನು ಇಲ್ಲದವನು ಅಂದರು. ಪ್ರವಾದಿಯವರು ಹೇಳಿದರು: ನನ್ನ ಸಮುದಾಯದಲ್ಲಿ ದಿವಾಳಿ ಅಂದರೆ, ಕಡೆಯ ದಿನ ನಮಾಜ್, ರೋಜಾ, ಜಕಾತ್ ಎಲ್ಲ ಹೊತ್ತು ತರುವವನು. ಆದರೆ ಅವನು ಒಬ್ಬನನ್ನು ಬೈದಿರುತ್ತಾನೆ, ಮತ್ತೊಬ್ಬನ ಮೇಲೆ ಸುಳ್ಳು ಹೊರಿಸಿರುತ್ತಾನೆ, ಇನ್ನೊಬ್ಬನ ಹಣ ತಿಂದಿರುತ್ತಾನೆ. ಅವನ ಪುಣ್ಯ ತೆಗೆದು ಅವರಿಗೆಲ್ಲ ಹಂಚುತ್ತಾರೆ. ಪುಣ್ಯ ಮುಗಿದರೆ ಅವರ ಪಾಪ ತೆಗೆದು ಇವನ ಮೇಲೆ ಹಾಕುತ್ತಾರೆ. ಇನ್ನೊಂದು ಮಾತು: ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ಒತ್ತಿಕೊಂಡವನ ಕೊರಳಿಗೆ ಏಳು ಭೂಮಿಯನ್ನು ಸುತ್ತಲಾಗುತ್ತದೆ. ಪೆಟ್ಟು ತಿಂದವನು ಮುಸ್ಲಿಮನೋ ಅಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕೊಡಬೇಕಾದವರು ಸತ್ತಿದ್ದರೆ ಅವರ ವಾರಸುದಾರರಿಗೆ ಕೊಡಬೇಕು. ಎಷ್ಟು ಹುಡುಕಿದರೂ ಯಾರೂ ಸಿಗದಿದ್ದರೆ ಅವರ ಹೆಸರಲ್ಲಿ ದಾನ ಮಾಡಬೇಕು. ಬೆನ್ನ ಹಿಂದೆ ಆಡಿಕೊಂಡಿದ್ದರೆ, ಹೇಳಿದರೆ ಜಗಳ ಹೆಚ್ಚಾಗುತ್ತದೆ ಅನ್ನುವ ಕಡೆ, ಅವರಿಗಾಗಿ ದುವಾ ಮಾಡಿ, ಯಾವ ಕೂಟದಲ್ಲಿ ಕೆಟ್ಟದ್ದು ಆಡಿದ್ದೆವೋ ಅಲ್ಲೇ ಒಳ್ಳೆಯದು ಆಡಬೇಕು ಅಂತ ಹಲವು ಉಲೇಮಾಗಳು ಹೇಳುತ್ತಾರೆ.

ಅಜ್ಜನ ವಿಷಯ ಅಪ್ಪ ನನಗೆ ಹೇಳಿದ್ದು ನಾನು ದೊಡ್ಡವನಾದ ಮೇಲೆ. ಅಜ್ಜ ಹಜ್‌ಗೆ ಹೊರಟಿದ್ದರಂತೆ. ಹಜ್ ಸರಿಯಾಗಿ ಮಾಡಿದವನು ತಾಯಿ ಹೆತ್ತ ದಿನದ ಹಾಗೆ ಚೊಕ್ಕವಾಗಿ ಬರುತ್ತಾನೆ ಅನ್ನುವ ಹದೀಸ್ ಇದೆ. ಆದರೆ ಮಂದಿಯ ಸಾಲ ಅದರಲ್ಲಿ ತೀರುವುದಿಲ್ಲ ಅಂತ ಉಲೇಮಾಗಳು ಹೇಳುತ್ತಾರೆ. ಅದಕ್ಕೇ ಹೊರಡುವ ಮೊದಲು ಮನೆಮನೆಗೆ ಹೋಗಿ "ಕಹಾ ಸುನಾ ಮಾಫ್ ಕರೋ" ಅನ್ನುವ ಪದ್ಧತಿ. ಆಡಿದ್ದು, ಕೇಳಿದ್ದು ಮಾಫ್ ಮಾಡಿ ಅಂತ. ಅಜ್ಜ ಆ ಪಕ್ಕದ ಹೊಲದವರ ಮನೆಗೂ ಹೋದರು. ಅವರು ನಕ್ಕು ಅಂದರು, "ಏನ್ ಮಾಫ್ ಮಾಡೋದೈತೋ ಮಾರಾಯಾ, ಹೋಗಿ ಬಾ."

ಅವತ್ತು ರಾತ್ರಿ ಅಜ್ಜ ಮಲಗಲಿಲ್ಲವಂತೆ. ಆ ಮನುಷ್ಯನಿಗೆ ತಾನು ಏನನ್ನು ಮಾಫ್ ಮಾಡಿದೆ ಅಂತಲೇ ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು. ಹನ್ನೆರಡು ವರ್ಷ ಪ್ರತಿ ಸಲ ನೇಗಿಲು ಹೂಡುವಾಗ ಬದುವಿನ ಬುಡವನ್ನು ಒಂದಿಷ್ಟು ಒತ್ತಿದ್ದರು. ಒಂದು ವರ್ಷಕ್ಕೆ ನಾಲ್ಕು ಬೆರಳು. ಯಾರ ಕಣ್ಣಿಗೂ ಬೀಳದಷ್ಟು.

ಬೆಳಗಾದ ಮೇಲೆ ಹಗ್ಗ ತೆಗೆದುಕೊಂಡು, ಅಪ್ಪನನ್ನೂ ಕರೆದುಕೊಂಡು ಹೊಲಕ್ಕೆ ಹೋದರು. ಅವರನ್ನೂ ಕರೆಸಿದರು. ಹಳೆ ಬಾಂದಿನ ಗುರುತು ಒಂದು ಬೇವಿನ ಬುಡದಲ್ಲಿ ಇತ್ತು. ಅಲ್ಲಿಂದ ಹಗ್ಗ ಹಿಡಿದು ಅಳೆದು, "ಇಲ್ಲಿ ತನಕ ನಿಂದು, ನಾ ಒತ್ತೀನಿ" ಅಂದರು. ಅವರು ಒಂದು ಮಾತೂ ಆಡಲಿಲ್ಲ. ಮುಖ ಕಪ್ಪಿಟ್ಟಿತು. ತಿರುಗಿ ಹೊರಟುಹೋದರು. ಅಪ್ಪನೂ ಅಜ್ಜನೂ ಕಲ್ಲು ಕಿತ್ತು, ಹಳೆಯ ಜಾಗದಲ್ಲಿ ನೆಟ್ಟು ಬಂದರು.

ಸಂಜೆ ಅವರು ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ. ನಿಂತೇ ಕೇಳಿದರು: "ಭೂಮಿ ಬಂತು. ಹನ್ನೆರಡು ವರ್ಷದ ಬೆಳಿ?"

ಮನೆಯವರಿಗೆಲ್ಲ ಸಿಟ್ಟು ಬಂತಂತೆ. ಅಜ್ಜ ಮಾತ್ರ "ಹೌದು, ಅದು ನಂಗ ಹೊಳಿಲಿಲ್ಲ" ಅಂದರು. ಹಗೇವು ತೆಗೆಸಿದರು. ಮರುದಿನ ಎರಡು ಚೀಲ ಬಿಳಿಜೋಳ ಚಕ್ಕಡಿಯಲ್ಲಿ ಅವರ ಮನೆಗೆ ಹೋಯಿತು. ಅವರು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಜೋಳವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅಜ್ಜನ ಹೆಗಲ ಮೇಲೆ ಕೈ ಇಟ್ಟು ಅಂದರಂತೆ:

"ಈಗ ಹೋಗಿ ಬಾ."